ವಿಚಾರಿಸಲು ಬಂದವರ ಗುಳಿಗೆ

ನನ್ನ ಹಲ್ಲುನೋವು ಸೋಮವಾರ ಬೆಳಿಗ್ಗೆಯೇ ನಿಂತುಹೋಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಸಾಕಾಗಿದೆ.

ವರ್ಗವಾಗಿ ನವನಗರಕ್ಕೆ ಬಂದು ಎಂಟು ತಿಂಗಳು. ಐವತ್ತೆರಡರ ಒಂಟಿ ಹೆಂಗಸು ಬಾಡಿಗೆ ಮನೆ ಹಿಡಿದರೆ ಓಣಿಯವರು ಗೇಟಿನಾಚೆಯಿಂದಲೇ ನಮಸ್ಕಾರ ಹೇಳಿ ಮುಗಿಸುತ್ತಾರೆ. ನಾನೇನು ಕಡಿಮೆಯವಳಲ್ಲ, ಮುಖ ಗಂಟಿಕ್ಕಿಕೊಂಡೇ ಓಡಾಡಿದೆ. ಭಾನುವಾರ ದವಡೆ ಊದಿ, ಸೆರಗು ಒತ್ತಿ ಹಿಡಿದು ಕಟ್ಟೆಯ ಮೇಲೆ ಕುಳಿತಾಗ ಮಾತ್ರ ಬಾಗಿಲಿಗೆ ಜನ ಬಂದರು. ನಮ್ಮ ಕಡೆ ಯಾರೂ ಬರಿಗೈಯಲ್ಲಿ ವಿಚಾರಿಸಲು ಬರುವುದಿಲ್ಲ. ಎದುರುಮನೆಯ ರತ್ನವ್ವ ತಮ್ಮ ಮೊಣಕಾಲಿನ ಗುಳಿಗೆ ತಂದರು, ಪಕ್ಕದ ಮಂದಾಕಿನಿಬಾಯಿ ಜ್ವರದ್ದು, ಮೂಲೆಮನೆಯ ಖಾದರಬಾಷಾ ತಲೆನೋವಿನದು. "ಒಂದಕ್ಕ ಏನಾಗ್ತದ, ಎರಡು ತಗೋರಿ" ಎಂದು ರತ್ನವ್ವ ನೀರು ಕೊಟ್ಟು, ನುಂಗುವವರೆಗೂ ಕೂತರು. ಆಮೇಲೂ ಕೂತರು. ಅವರ ಸೊಸೆಯ ಪುರಾಣ ನನ್ನ ಕಿವಿಗೆ ಹಬ್ಬವಾಯಿತು.

ಮರುದಿನ ಎಲ್ಲರೂ ಕಡಿಮೆಯಾಯಿತೇ ಎಂದು ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ. ಆಯಿತು ಎಂದರೆ ನಾಳೆ ಯಾರು ಬರುತ್ತಾರೆ? ಆಫೀಸಿಗೆ ರಜೆ ಹಾಕಿ, ಬೆಳಿಗ್ಗೆ ಮೂವರದೂ ಸಂಜೆ ಮೂವರದೂ ಎರಡೆರಡು ನುಂಗಿದೆ. ಮಂಗಳವಾರವೂ ಹಾಗೆಯೇ. ಹೆಸರು ಬೇರೆ, ಬಣ್ಣ ಬೇರೆ, ಒಳಗಿದ್ದದ್ದು ಮಾತ್ರ ಒಂದೇ ಪ್ಯಾರಾಸಿಟಮಾಲ್ ಎಂದು ನನಗೇನು ಗೊತ್ತು.

ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಬುಧವಾರ ಬೆಳಿಗ್ಗೆ ವಾಂತಿ ಹತ್ತಿತು. ರತ್ನವ್ವನೇ ಆಟೋದಲ್ಲಿ ಆಸ್ಪತ್ರೆಗೆ ಕರೆತಂದರು. ಡಾಕ್ಟರ್ ಸೌಮ್ಯಾ, ನನ್ನ ಅರ್ಧ ವಯಸ್ಸಿನವರು, ರತ್ನವ್ವನಿಂದ ಗುಳಿಗೆಗಳ ಸುದ್ದಿ ಕೇಳಿ, ರಕ್ತದಲ್ಲಿ ಆ ಪ್ಯಾರಾಸಿಟಮಾಲ್ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿದರು. ವರದಿ ನೋಡಿ ಅವರ ಮುಖ ಬಿಗಿಯಿತು. ಲಿವರ್‌ಗೂ ಪೆಟ್ಟು ಬೀಳತೊಡಗಿದೆ, ಸಲಾಯಿನ್‌ನಲ್ಲಿ ಅದರ ವಿಷ ಇಳಿಸುವ ಔಷಧಿ ಕೊಡಲೇಬೇಕು ಎಂದರು. ಮತ್ತೆ ಮತ್ತೆ ನುಂಗಿದ್ದರೆ ಈ ಅಂಕಿಯೊಂದನ್ನೇ ನಂಬುವಂತಿಲ್ಲವಂತೆ, ಯಾವಾಗ ಎಷ್ಟು ಎಂದು ಖರೇ ಹೇಳಬೇಕಂತೆ. ಬೇಕಂತಲೇ ನುಂಗಿದಿರಾ ಎಂದೂ ಮೆಲ್ಲಗೆ ಕೇಳಿದರು.

ರತ್ನವ್ವ ಪಕ್ಕದಲ್ಲೇ ಸ್ಟೂಲಿನ ಮೇಲಿದ್ದರು. ಹೇಳಿದರೆ ಇವರು ಮತ್ತೆ ನನ್ನ ಹೊಸ್ತಿಲು ತುಳಿಯುವುದಿಲ್ಲ. ಹೇಳದಿದ್ದರೆ ಜೀವಕ್ಕೇ ಕುತ್ತು. ನಿಜವಾಗಿ ಒಂದು ಗಳಿಗೆ ಯಾವುದು ದೊಡ್ಡದೆಂದು ತಿಳಿಯಲಿಲ್ಲ.

"ಸೋಮವಾರ ಹತ್ತೂ ಇಪ್ಪತ್ತಕ್ಕ ರತ್ನವ್ವ, ಎರಡು. ಹನ್ನೊಂದೂ ಹತ್ತಕ್ಕ ಮಂದಾಕಿನಿಬಾಯಿ, ಎರಡು. ಹನ್ನೆರಡಕ್ಕ ಐದು ನಿಮಿಷ ಇತ್ತರಿ, ಖಾದರಬಾಷಾ ಬಂದ್ರು..."

ಹೀಗೆ ಭಾನುವಾರದ್ದೂ ಸೇರಿಸಿ ಮೂರೂ ದಿನದ್ದು ಹೇಳಿದೆ. ಡಾಕ್ಟರ ಪೆನ್ನು ನಿಂತಿತು. ಇಲ್ಲಿಗೆ ಬರುವ ರೋಗಿಗಳಿಗೆ ಬೆಳಗಿನ ತಿಂಡಿಯೇ ನೆನಪಿರುವುದಿಲ್ಲ, ನಿಮಿಷದ ಲೆಕ್ಕ ನಿಮಗೆ ಹೇಗೆ ಎಂದರು.

"ಗಡಿಯಾರ ನೋಡ್ಕೋತ ಕುಂತಿರ್ತಿದ್ದೆರಿ. ಇನ್ನೊಬ್ರು ಯಾವಾಗ ಬರ್ತಾರಂತ."

ರತ್ನವ್ವ ತಲೆ ತಗ್ಗಿಸಿದರು. ಡಾಕ್ಟರ್ ಸಲಾಯಿನ್ ಹಚ್ಚಿಸಿ, ನರ್ಸಿಗೆ ಹೇಳಿದರು: "ಇವರನ್ನ ನೋಡಾಕ ಯಾರನ್ನೂ ಒಳಗ ಬಿಡಬ್ಯಾಡ್ರಿ. ಮತ್ತ ಏನರ ನುಂಗಸ್ತಾರ."

ತಪ್ಪೆಲ್ಲ ತಮ್ಮದೇ ಎಂಬಂತೆ ರತ್ನವ್ವ ಚೀಲ ಎತ್ತಿಕೊಂಡು ಎದ್ದರು. ಕೂಡ್ರಿ ಎನ್ನಲು ಬಾಯಿ ತೆರೆದೆ. ಇನ್ನು ಯಾವ ನೋವಿನ ಹೆಸರು ಹೇಳಿ ಅವರನ್ನು ಕೂಡಿಸಿಕೊಳ್ಳಲಿ?