ಯಾರ ಫೋನಿಗೆ

ಸಿಸ್ಟರ್ ಗದರಿಸಿ ಕೇಳಿದ್ದರೆ ಅವಳು ಬಾಯಿ ಬಿಡುತ್ತಲೇ ಇರಲಿಲ್ಲ. ಕೈ ಹೇಗೆ ಊದಿತು ಎಂದರೆ ಬಚ್ಚಲಲ್ಲಿ ಜಾರಿದೆ ಎನ್ನುವ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಪಾಪದ ಬಚ್ಚಲು, ಮದುವೆಯಾದ ಏಳು ವರ್ಷಗಳಲ್ಲಿ ಎಷ್ಟು ಅಪವಾದ ಹೊತ್ತಿತ್ತೋ! ಆದರೆ ಈ ಹುಡುಗಿ ಮೆತ್ತಗೆ ಶುರು ಮಾಡಿದಳು. ಕಾಯಿಲೆಯ ಜೊತೆಗೆ ರೋಗಿಯ ಮನೆಯ ಪರಿಸ್ಥಿತಿಯನ್ನೂ ಕಂಪ್ಯೂಟರಿಗೆ ಹಾಕಬೇಕೆಂದು ಆಸ್ಪತ್ರೆಯಲ್ಲಿ ಹೊಸ ನಿಯಮ ಬಂದಿತ್ತು. ಮನೆಯಲ್ಲಿ ಯಾರ್ಯಾರಿದ್ದೀರಿ, ದುಡಿಯುವವರು ಯಾರು, ಹೊತ್ತಿಗೆ ಸರಿಯಾಗಿ ಊಟ ಆಗುತ್ತದೆಯೇ ಎಂದೆಲ್ಲ ಕೇಳಿ, ಕೊನೆಗೆ ಕೀಲಿಗಳ ಮೇಲಿನಿಂದ ಕೈ ತೆಗೆದು ಅವಳ ಮುಖವನ್ನೇ ನೋಡಿದಳು.

"ಮನೇಲಿ ಯಾರ ಭಯವಾದ್ರೂ ಇದೆಯಾ ಅಕ್ಕಾ?"

ಒಡಹುಟ್ಟಿದ ತಂಗಿಯೂ ಕೇಳದ ಪ್ರಶ್ನೆ. ಅವಳು ಹೇಳಿಬಿಟ್ಟಳು. ಗಂಡ ಹೊಡೆಯುತ್ತಾನೆ, ನಿನ್ನೆ ಕೈ ತಿರುಚಿದ, ಸಂಜೆಯಾದರೆ ಮನೆಯೊಳಗೆ ಕಾಲಿಡಲು ಹೆದರಿಕೆ. ಸಿಸ್ಟರ್ ಟೈಪ್ ಮಾಡಿದಳು. ಅವಳು ಒಂದು ಲೋಟ ನೀರು ಕೇಳಿ ಕುಡಿದಳು.

ಆಗ ಸಿಸ್ಟರ್, ಕೌಂಟರಿನಲ್ಲಿ ಔಷಧಿ ಕೊಟ್ಟ ಕೂಡಲೇ ಇವತ್ತಿನ ವಿವರವೆಲ್ಲ ಪೂರ್ತಿಯಾಗಿ ರೋಗಿಯ ಫೋನಿಗೇ ಹೋಗುತ್ತದೆ, ಚೀಟಿ ಕಳೆದುಕೊಳ್ಳುವ ಚಿಂತೆಯಿಲ್ಲ ಎಂದಳು. ಎಂಥ ಚಂದದ ಏರ್ಪಾಡು ನೋಡಿ!

ರೋಗಿಗೆ ಫೋನ್ ಎಲ್ಲಿತ್ತು? ಅವಳ ಫೋನನ್ನು ಗಂಡ ಗೋಡೆಗೆ ಬಡಿದು ಎರಡು ವರ್ಷವಾಗಿತ್ತು. ಆಸ್ಪತ್ರೆಯಲ್ಲಿ ಬರೆಸಿದ್ದು ಅವನ ನಂಬರು. ಅವನು ಹೊರಗೆ ಬೆಂಚಿನ ಮೇಲೆ, ಒಂದು ಕೈಯಲ್ಲಿ ಔಷಧಿಯ ಟೋಕನ್, ಇನ್ನೊಂದು ಕೈಯಲ್ಲಿ ಅದೇ ಫೋನ್ ಹಿಡಿದು ಮ್ಯಾಚ್ ನೋಡುತ್ತಾ ಕೂತಿದ್ದ.

ಅವಳು ಸಿಸ್ಟರ್ ಕೈ ಹಿಡಿದುಕೊಂಡಳು. "ಅಳಿಸಿಬಿಡಿ ಸಿಸ್ಟರ್. ಅವರು ಇದನ್ನ ಓದಿದ್ರೆ ನನ್ನ ಉಳಿಸಲ್ಲ."

ಸಿಸ್ಟರ್ ಮುಖದ ಬಣ್ಣವೇ ಇಳಿಯಿತು. ರೋಗಿಯ ಫೋನು ಎಂದರೆ ರೋಗಿಯದೇ ಎಂದು ನಂಬಿಕೊಂಡಿದ್ದವಳು ಅವಳು. ಈ ಏರ್ಪಾಡು ಮಾಡಿದವರ ತಲೆಗೂ ಬೇರೆ ಹೊಳೆದಿರಲಿಲ್ಲ. ಸೇವ್ ಆದದ್ದನ್ನು ಅಳಿಸಲು ಅವಳಿಗೆ ಅಧಿಕಾರವಿರಲಿಲ್ಲ. ನಂಬರು ಬದಲಾಯಿಸಬಹುದಿತ್ತು. ಆದರೆ ಅದಕ್ಕೊಂದು ಓಟಿಪಿ ಬರುತ್ತದೆ, ಹಳೆಯ ನಂಬರಿಗೇ ಬರುತ್ತದೆ. ಸಿಸ್ಟರ್ ತನ್ನ ನಂಬರು ಹಾಕಿ ನೋಡಿದಳು. ಸಿಬ್ಬಂದಿಯದು ಎಂದು ಯಂತ್ರ ಒಪ್ಪಲಿಲ್ಲ. ಬೇರೆ ಯಾವುದಾದರೂ ನೆನಪಿದೆಯಾ ಎಂದು ಪಿಸುಗುಟ್ಟಿದಳು.

ತಂಗಿಯ ನಂಬರೂ ಅಣ್ಣನ ನಂಬರೂ ಒಡೆದ ಫೋನಿನ ಜೊತೆಗೇ ಹೋಗಿದ್ದವು. ಬಾಯಿಪಾಠವಿದ್ದದ್ದು ಒಂದೇ ಒಂದು, ಅತ್ತೆಯ ಇಸ್ತ್ರಿ ಅಂಗಡಿಯದು. ಮದುವೆಯಾದ ಹೊಸದರಲ್ಲಿ ಅಲ್ಲಿ ಕೂತು ಗಿರಾಕಿಗಳ ಬಟ್ಟೆಯ ಚೀಟಿಗಳ ಮೇಲೆ ಅದನ್ನೇ ಬರೆದೂ ಬರೆದೂ ಕೈಗೆ ಅಂಟಿಹೋಗಿತ್ತು. ಆದರೆ ಅತ್ತೆ ಎಂದರೆ ಅವನ ಹೆತ್ತ ತಾಯಿ. ನನ್ನ ಮಗ ಅಪರಂಜಿ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವ ಹೆಂಗಸು. ಗಂಡ ಓದಿದರೆ ಇವತ್ತೇ ಗತಿ ಕೆಟ್ಟಿತು. ಅತ್ತೆ ಓದಿದರೆ ನಾಳೆಯಾದರೂ ಸಿಕ್ಕೀತು. ಅವಳು ಅತ್ತೆಯ ನಂಬರನ್ನೇ ಹೇಳಿದಳು.

ಓಟಿಪಿ ಬರೆದುಕೊಳ್ಳಲು ಸಿಸ್ಟರ್ ಕೊಟ್ಟ ಪೆನ್ನು ಹಿಡಿದು ಅವಳು ಹೊರಗೆ ಹೋದಳು. ಔಷಧಿ ಕೌಂಟರಿನ ಹುಡುಗಿ ಆಗಲೇ ಅವರದಕ್ಕಿಂತ ಒಂದು ಮೊದಲಿನ ಟೋಕನ್ ಕೂಗುತ್ತಿದ್ದಳು.

"ರೀ, ಔಷಧಿಗೆ ಅಂತ ನಿಮ್ಮ ಫೋನಿಗೆ ಒಂದು ನಂಬರ್ ಬರುತ್ತಂತೆ. ಸಿಸ್ಟರ್ ಕೇಳ್ತಿದ್ದಾರೆ."

ಗಂಡ ತಲೆ ಎತ್ತಲಿಲ್ಲ. ಫೋನು ಟಿಣ್ ಎಂದಿತು. ಓದುತ್ತಾ ಅವನ ಹುಬ್ಬು ಗಂಟಾಯಿತು.

"ಯಾರಿಗೂ ಹೇಳಬೇಡಿ ಅಂತ ಬೇರೆ ಹಾಕಿದ್ದಾರೆ," ಎಂದು ನಕ್ಕ. "ನಿನಗೆ ಹೇಳಿದ್ರೂ ಒಂದೇ, ಗೋಡೆಗೆ ಹೇಳಿದ್ರೂ ಒಂದೇ. ಬರ್ಕೋ."

ಅವನು ಒಂದೊಂದೇ ಅಂಕಿ ಓದಿದ. ಅವಳು ಅಂಗೈ ಮೇಲೆ ಬರೆದುಕೊಂಡಳು. ಒಳಗೆ ಬಂದು ಕೈ ಚಾಚಿದಾಗ ಬೆವರಿಗೆ ಕೊನೆಯ ಅಂಕಿ ಕದಡಿಹೋಗಿತ್ತು. ಅದು ಏಳೋ ಒಂದೋ? ಕಣ್ಣು ಮುಚ್ಚಿ ಅವನ ದನಿಯನ್ನು ಮತ್ತೆ ನೆನೆದಳು. ಏಳು. ಸಿಸ್ಟರ್ ಕೀಲಿ ಒತ್ತಿ ಉಸಿರು ಬಿಟ್ಟಳು. ಹೊರಗೆ ಅವರ ಟೋಕನ್ ಕೂಗಿದರು.

ಔಷಧಿಯ ಪೊಟ್ಟಣ ಹಿಡಿದು ಇಬ್ಬರೂ ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅವನ ಫೋನು ರಿಂಗಾಯಿತು. "ಅಮ್ಮ," ಎಂದು ಅವನು ಕಿವಿಗಿಟ್ಟುಕೊಂಡ. ಇಲ್ಲಿಗೆ ಮುಗಿಯಿತು ನನ್ನ ಕಥೆ ಎಂದುಕೊಂಡಳು ಅವಳು. ಅಮ್ಮ ಮಗನನ್ನು ಕೇಳುತ್ತಾಳೆ, ಇದೇನೋ ಇದು, ನಿನ್ನ ಹೆಂಡತಿ ಹೀಗೆ ಬರೆಸಿದ್ದಾಳಲ್ಲೋ ಎಂದು. ಅವಳು ಗೋಡೆಯ ಕಡೆಗೆ ಸರಿದು, ಊದಿದ ಕೈಯನ್ನು ಎದೆಗೊತ್ತಿಕೊಂಡಳು.

ಅವನು ಫೋನನ್ನು ಅವಳತ್ತ ಚಾಚಿದ. "ನಿನ್ನ ಹತ್ರ ಮಾತಾಡಬೇಕಂತೆ."

"ಅತ್ತೆ," ಎಂದಳು.

"ಪಕ್ಕದಲ್ಲೇ ಇದ್ದಾನಾ? ಬರೀ ಹೂಂ ಅನ್ನು." ಅತ್ತೆಯ ಹಿಂದೆ ಇಸ್ತ್ರಿಪೆಟ್ಟಿಗೆ ಕುಕ್ಕಿದ ಸದ್ದು ಕೇಳಿತು.

"ಹೂಂ."

"ಓದಿದೆ. ಅವನಪ್ಪನೂ ಹೀಗೇ ಇದ್ದ ಕಣೆ. ಮೂರು ಸಲ ಅದೇ ಆಸ್ಪತ್ರೆಗೆ ಹೋಗಿದ್ದೆ. ನನ್ನ ಯಾರೂ ಕೇಳಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದೆ, ನನ್ನ ಬಾಯಿಗೆ ಬೆಂಕಿ ಬೀಳ. ನೀನು ಮನೆಗೆ ಹೋಗಬೇಡ. ನನಗೆ ಮೈ ಹುಷಾರಿಲ್ಲ ಅಂತ ಹೇಳಿ ಸೀದಾ ಇಲ್ಲಿಗೆ ಬಾ. ಅವನೂ ಬಂದರೆ ಬರಲಿ. ಬಾಗಿಲಲ್ಲಿ ನಾನಿರ್ತೀನಿ."

ಫೋನು ಹಿಂದಿರುಗಿಸಿದಳು. ಏನಂತೆ ಎಂದು ಅವನು ಮುಖಕ್ಕೆ ಮುಖ ತಂದು ಕೇಳಿದ. ಆ ಕಣ್ಣು ಎದುರಿಗಿದ್ದರೆ ಅವಳಿಗೆ ಎಂದೂ ಸುಳ್ಳು ಹೇಳಲು ಆಗಿರಲಿಲ್ಲ.

"ಅತ್ತೆಗೆ ಮೈ ಹುಷಾರಿಲ್ಲವಂತೆ. ನಾನು ಅಲ್ಲಿಗೆ ಹೋಗ್ತೀನಿ."

"ಈಗ ತಾನೇ ಚೆನ್ನಾಗಿ ಮಾತಾಡಿದಳಲ್ಲ," ಎಂದು ಅವನು ಅವಳನ್ನೇ ದಿಟ್ಟಿಸಿದ. "ನಡಿ, ನಾನೂ ಬರ್ತೀನಿ."

ಅಂಗೈಯ ಅಂಕಿಗಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು, ಅವಳು ಅತ್ತೆಯ ಮನೆ ಕಡೆಯ ಬಸ್ಸು ಹತ್ತಿದಳು. ಗಂಡ ಹಿಂದೆಯೇ ಹತ್ತಿದ.