ಅಂಗಳದ ನಲವತ್ತೆರಡನೆಯವಳು

ಮೆಕ್ಯಾನಿಕ್ ತೀರಿಕೊಂಡು ಹನ್ನೊಂದು ವರ್ಷವಾದರೂ ಅವನ ಅಂಗಳದ ತುಂಬ ಜನವೋ ಜನ. ಜನವೆಂದರೆ ಸಿಮೆಂಟಿನ ಜನ. ಪುಣ್ಯಾತ್ಮ ಬಸ್ ಡಿಪೋದಲ್ಲಿ ಮೈಮುರಿದು ದುಡಿದು ಬಂದವನು ಕೈಯ ಗ್ರೀಸನ್ನೂ ಸರಿಯಾಗಿ ತೊಳೆಯದೆ ಗೊಂಬೆ ಮಾಡಲು ಕೂರುತ್ತಿದ್ದ. ಬೀದಿಯವರು ಊರು ಬಿಟ್ಟು ಹೋಗಲಿ, ಲೋಕವನ್ನೇ ಬಿಟ್ಟು ಹೋಗಲಿ, ಇವನ ಅಂಗಳದಲ್ಲಿ ಆಳೆತ್ತರಕ್ಕೆ ಎದ್ದು ನಿಲ್ಲುತ್ತಿದ್ದರು. ಒಡೆದ ತಟ್ಟೆಯ ಚೂರಿನ ಅಂಗಿ ತೊಟ್ಟ ದರ್ಜಿ, ಬಾಟಲಿ ಗಾಜಿನ ಕನ್ನಡಕದ ಮೇಷ್ಟ್ರು, ಸೈಕಲ್ ಬೆಲ್ಲನ್ನೇ ಹೊಕ್ಕುಳು ಮಾಡಿಕೊಂಡ ಪೋಸ್ಟ್‌ಮ್ಯಾನ್. ಹೆಂಡತಿ ಸತ್ತ ತಿಂಗಳೊಳಗೆ ಅವಳೂ ಬಾಗಿಲ ಪಕ್ಕ ಬಂದು ನಿಂತಳು.

ಮಗಳನ್ನು ಮಾತ್ರ ಮಾಡಲಿಲ್ಲ. ಸಿಮೆಂಟು ಕಲಸಿ ಕೊಟ್ಟವಳು ಅವಳು, ಚೂರುಗಳನ್ನು ತೊಳೆದು ಬಣ್ಣಬಣ್ಣ ಬೇರೆ ಮಾಡಿಟ್ಟವಳು ಅವಳು. ಒಂದು ಸಲ ನಾಚಿಕೆ ಬಿಟ್ಟು ಕೇಳಿಯೂ ಕೇಳಿದ್ದಳು. "ನಿನ್ನನ್ನೇನು ಮಾಡೋದೇ? ನೀನೆಲ್ಲಿಗೆ ಹೋಗ್ತೀಯ?" ಎಂದು ನಕ್ಕುಬಿಟ್ಟಿದ್ದ. ಅವನಿಗದು ತಮಾಷೆ. ಅವಳಿಗೆ ಮಾತ್ರ ಎದೆಗೆ ನಾಟಿತು. ನಿಜಕ್ಕೂ ಅವಳು ಎಲ್ಲಿಗೂ ಹೋಗಲಿಲ್ಲ.

ಅಪ್ಪ ಹೋದ ವರ್ಷವೇ ಶೆಡ್ಡಿನ ಬಾಗಿಲು ಹಾಕಿಕೊಂಡು ತನ್ನನ್ನು ತಾನೇ ಮಾಡಿಕೊಂಡಳು. ಮೂಗು ಮೂರು ಸಲ ಬಿತ್ತು. ಕೊನೆಗೂ ನಲ್ಲಿಯ ಪಕ್ಕ ಬಲಗೈ ಚಾಚಿ ನಿಂತ ಹೆಂಗಸೊಬ್ಬಳು ಎದ್ದಳು. "ನಿನ್ನನ್ನೂ ಮಾಡಿದ್ನಾ ನಿಮ್ಮಪ್ಪ?" ಎಂದು ಬೀದಿಯವರು ಕೇಳಿದಾಗ, "ಹೂಂ, ಕೊನೇದು. ಶೆಡ್ಡಲ್ಲೇ ಇತ್ತು," ಎಂದುಬಿಟ್ಟಳು. ಹೇಳಿ ಹೇಳಿ ಅವಳಿಗೂ ಅರ್ಧ ನಂಬಿಕೆ ಬಂದಿತ್ತು. ಸಂಜೆ ನೀರು ಹಿಡಿಯುವಾಗ, ಅಪ್ಪ ಮರೆತಿರಲಿಲ್ಲ ಎಂದುಕೊಂಡರೆ ಸಮಾಧಾನವಾಗುತ್ತಿತ್ತು.

ಈಗ ಮ್ಯೂಸಿಯಂನವರು ಅಂಗಳವನ್ನು ಉಳಿಸಲು ಮನಸ್ಸು ಮಾಡಿ, ಗೊಂಬೆ ರಿಪೇರಿ ಮಾಡುವವಳೊಬ್ಬಳನ್ನು ಕಳಿಸಿದ್ದರು. ಅವಳು ಸಣ್ಣ ಬ್ರಷ್ಷು, ಸಣ್ಣ ಕೊಕ್ಕೆ ಹಿಡಿದು ಮೇಷ್ಟ್ರ ಬಾಯೊಳಗೆ ಕೆರೆಯುವುದನ್ನು ಕಂಡು ಮಗಳು "ಹಲ್ಲಿನ ಡಾಕ್ಟರಮ್ಮ" ಎಂದು ಹೆಸರಿಟ್ಟಳು. ಆರು ವಾರದಿಂದ ಮನೆಯಲ್ಲಿ ಎರಡು ಲೋಟ ಚಹಾ ಆಗುತ್ತಿತ್ತು. ಮಾತಾಡುವವರಿದ್ದರೆ ಹಾಳು ಮನೆಯೂ ಎಷ್ಟು ಚೆಂದ!

ಅವತ್ತು ಡಾಕ್ಟರಮ್ಮ ನಲ್ಲಿಯ ಪಕ್ಕದವಳನ್ನು ತೊಳೆಯುತ್ತಿದ್ದಾಗ ಚಾಚಿದ ಕೈ ಮಣಿಕಟ್ಟಿಗೇ ಕಳಚಿ ಬಂತು.

"ಅಕ್ಕಾ, ಸ್ವಲ್ಪ ಬನ್ನಿ ಇಲ್ಲಿ. ನಿಮ್ಮಪ್ಪ ನಲವತ್ತೊಂದು ಗೊಂಬೆಗೂ ಒಳಗೆ ಬ್ರೇಕ್ ಕೇಬಲ್ ಹಾಕಿದಾರೆ. ಇದರಲ್ಲಿ ಛತ್ರಿ ಕಡ್ಡಿ ಇದೆ."

"ಕೇಬಲ್ ಮುಗಿದಿತ್ತೇನೋ."

"ಶೆಡ್ಡಲ್ಲಿ ಎರಡು ಸುರುಳಿ ಇನ್ನೂ ನೇತಾಡ್ತಿದೆಯಲ್ಲ?"

ಅಪ್ಪನ ಕೇಬಲ್ ಮುಟ್ಟಲು ಆಗ ಅವಳಿಗೆ ಕೈ ಬಂದಿರಲಿಲ್ಲ. ಕದ್ದಂತಾಗುತ್ತದೆ ಎಂದು ತನ್ನ ಹಳೇ ಛತ್ರಿ ಮುರಿದಿದ್ದಳು. ಸುಳ್ಳು ಹೇಳುವವಳಿಗೆ ಇಷ್ಟೊಂದು ನೇಮ ಬೇಕಿತ್ತೇ!

"ಬೇರೆಯವರು ಆಮೇಲೆ ಸೇರಿಸಿದ್ದನ್ನ ತೆಗೀಲೇಬೇಕು ಅಕ್ಕಾ. ನಾಳೆ ಪಟ್ಟಿ ಕೊಡ್ಬೇಕು," ಎಂದಳು ಡಾಕ್ಟರಮ್ಮ. "ಮಾಡಿದವರು ಯಾರು ಅಂತ ಗೊತ್ತಾದ್ರೆ ಬೋರ್ಡಲ್ಲಿ ಅವರ ಹೆಸರು ಹಾಕಿ ಉಳಿಸ್ಕೋಬಹುದು. ನಿಮಗೇನಾದ್ರೂ ಗೊತ್ತಾ?"

ಬಾಯಿ ಮುಚ್ಚಿಕೊಂಡರೆ ಗೊಂಬೆ ಹೋಗುತ್ತದೆ. ಹೋದರೆ ಹೋಗಲಿ, ರಿಪೇರಿಗೆ ಒಯ್ದರು ಎಂದರೆ ಬೀದಿ ನಂಬುತ್ತದೆ. ಬಾಯಿ ಬಿಟ್ಟರೆ ಗೊಂಬೆ ಉಳಿಯುತ್ತದೆ, ಆದರೆ ಅಪ್ಪ ಮಗಳನ್ನು ಮಾಡಲೇ ಇಲ್ಲ ಎನ್ನುವುದು ಬೋರ್ಡಿನ ಮೇಲೆ ಬೀಳುತ್ತದೆ. ಅವಳು ನಲ್ಲಿ ತಿರುಗಿಸಿ ಸುಮ್ಮನೆ ಕೈ ತೊಳೆದಳು. ತೆಗೆದ ಮೇಲೆ ಆ ಜಾಗ ಹೇಗೆ ಕಾಣುತ್ತದೆ ಎಂದು ನೆನೆದಳು. ನಲವತ್ತೊಂದು ಜನ ಇರುತ್ತಾರೆ, ತಾನೊಬ್ಬಳು ಇರುವುದಿಲ್ಲ. ನಲ್ಲಿ ನಿಲ್ಲಿಸಿದಳು.

"ನಾನೇ ಮಾಡಿದ್ದು," ಎಂದಳು.

"ನಿಮ್ಮನ್ನ ನೀವೇನಾ?"

"ಮತ್ತಿನ್ಯಾರು ಮಾಡ್ತಾರೆ!" ರೇಗಿಬಿಟ್ಟಳು. ರೇಗಿದ್ದಕ್ಕೆ ಅಳುವೂ ಬಂತು. "ಬರ್ಕೊಳ್ಳಿ. ಅಪ್ಪ ಮಾಡ್ಲಿಲ್ಲ, ಅವಳೇ ಮಾಡ್ಕೊಂಡ್ಳು ಅಂತ ಬರ್ಕೊಳ್ಳಿ."

ಡಾಕ್ಟರಮ್ಮ ಏನೂ ಬರೆದುಕೊಳ್ಳಲಿಲ್ಲ. ಮುರಿದ ಕೈಯನ್ನು ಬಟ್ಟೆಯಲ್ಲಿ ಒರೆಸಿ ಅವಳ ಕೈಗಿಟ್ಟಳು. "ಹಾಗಾದ್ರೆ ನಾನಿದನ್ನ ಮುಟ್ಟೋ ಹಾಗಿಲ್ಲ. ಮಾಡಿದವರು ಬದುಕಿರೋವಾಗ ರಿಪೇರಿನೂ ಅವರದೇ. ಅದು ನಮ್ಮ ಕಸುಬಿನ ಕಟ್ಟಳೆ."

ಹನ್ನೊಂದು ವರ್ಷದ ಮೇಲೆ ಮಗಳು ಸಿಮೆಂಟು ಕಲಸಿದಳು. ತುಕ್ಕು ಹಿಡಿದ ಕಡ್ಡಿಗಳನ್ನು ಕಿತ್ತಳು. ಶೆಡ್ಡಿಗೆ ಹೋಗಿ ಅಪ್ಪನ ಸುರುಳಿಯಿಂದ ಒಂದು ಗೇಣು ಕೇಬಲ್ ಕತ್ತರಿಸಿ ತಂದು ಒಳಗಿಟ್ಟು ಕೈ ಕೂಡಿಸಿದಳು.

"ಕೆಳಗೊಂದು ಕೋಲು ಆನಿಸಿ ಊಟಕ್ಕೆ ಬನ್ನಿ," ಎಂದಳು ಡಾಕ್ಟರಮ್ಮ.

"ನೀವು ಹೋಗಿ. ನಾನೇ ಹಿಡ್ಕೊಂಡಿರ್ತೀನಿ."

ಗೇಟಿನ ಹೊರಗೆ ತರಕಾರಿಯವಳು ಗಾಡಿ ನಿಲ್ಲಿಸಿದಳು. "ಅಯ್ಯೋ, ನಿಮ್ಮಪ್ಪ ಮಾಡಿದ್ದು ಮುರಿದೋಯ್ತಾ?"

"ಅಪ್ಪ ಮಾಡಿದ್ದಲ್ಲ. ನಾನು ಮಾಡ್ಕೊಂಡಿದ್ದು."

"ಹೌದಾ," ಎಂದು ಅವಳು ಗಾಡಿ ತಳ್ಳಿಕೊಂಡು ಹೋದಳು. ಅಷ್ಟೇ. ಅಷ್ಟಕ್ಕೆ ಇವಳು ಹನ್ನೊಂದು ವರ್ಷ ಹೆದರಿದ್ದಳು.

ಡಾಕ್ಟರಮ್ಮ ಊಟ ಮುಗಿಸಿ ಬಂದಾಗಲೂ ಅವಳು ಹಾಗೇ ಕೂತಿದ್ದಳು, ಸಿಮೆಂಟಿನ ಬೆರಳುಗಳನ್ನು ಎರಡೂ ಕೈಯಲ್ಲಿ ಹಿಡಿದು.

"ಸಿಮೆಂಟು ಕಚ್ಚಿಕೊಂಡಿದೆ ಅಕ್ಕಾ, ಇನ್ನು ಬಿಡಬಹುದು."

"ಗೊತ್ತು," ಎಂದಳು. "ಇನ್ನೊಂದು ಸ್ವಲ್ಪ ಹೊತ್ತು."