ಕಲ್ಮೇಶ್ವರ ಥೇಟರಿನ ಮುಂಪರದೆ

ನಾನು ಒಂದು ಪರದೆ. ಗದಗಿನ ಕಲ್ಮೇಶ್ವರ ಥೇಟರಿಗಾಗಿ ಹುಟ್ಟಿದವಳು. ದಪ್ಪ ಬಟ್ಟೆಯ ಪಟ್ಟಿಗಳನ್ನು ಜೋಡಿಸಿ ಹೊಲಿದು, ಹುಣಸೆಬೀಜದ ಗಂಜಿ ಕುಡಿಸಿ, ಪೇಂಟರೊಬ್ಬ ನನ್ನ ಮೈಮೇಲೆ ಅರಮನೆ ಬರೆದ. ನೀಲಿ ಬಣ್ಣ ಸಾಲದೆ ಒಂದು ಕಿಟಕಿ ಅರ್ಧ ಬಿಳಿಯಾಗಿಯೇ ಉಳಿಯಿತು.

ಜನ ಅಲ್ಲಿಗೆ ಕಥೆಗಾಗಿ ಬರುತ್ತಿರಲಿಲ್ಲ, ಹಾಡಿಗಾಗಿ ಬರುತ್ತಿದ್ದರು. ಹಿಡಿಸಿದರೆ 'ಒನ್ಸ್ ಮೋರ್' ಎಂದು ಕೂಗುವರು. ಆಗ ಸತ್ತ ಪಾತ್ರವೂ ಎದ್ದು, ಅದೇ ಹಾಡು ಹಾಡಿ, ಮತ್ತೆ ಸಾಯಬೇಕು. ನಾನು ಕೆಳಗಿಳಿದರೆ ಮಾತ್ರ ಬಿಡುಗಡೆ. ನನ್ನ ಹಗ್ಗ ಇದ್ದದ್ದು ಭರಮಪ್ಪನ ಕೈಯಲ್ಲಿ.

ಹಾಡುವವಳು ಚಂಪಾಬಾಯಿ. ಅವಳಿಗೆ ಎದೆರೋಗ. ಆಟಕ್ಕೆ ಮುಂಚೆ ನನ್ನ ಅಂಚು ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಿದ್ದಳು. ಆ ಕೆಂಪು ಕಲೆಯನ್ನು ನೋಡಿದವರು ಬಣ್ಣವೆಂದುಕೊಳ್ಳುತ್ತಾರೆ.

ಒಂದು ಭಾನುವಾರ, ಮಧ್ಯಾಹ್ನದ ಆಟ.

"ಭರಮಣ್ಣಾ, ಇವತ್ತ ಒಂದ ಸಲ ಸಾಯ್ತೀನಿ. ಎರಡನೇದಕ್ಕ ಉಸಿರಿಲ್ಲ. ಮಂದಿ ಏನರ ಒದರಲಿ, ಪರದೆ ಬಿಟ್ಟಬಿಡು."

"ಬಿಡ್ತೀನಿ ತಂಗಿ. ನೀ ಹೆದರಬ್ಯಾಡ."

ಅವಳು ಹಾಡಿ ಸತ್ತಳು. 'ಒನ್ಸ್ ಮೋರ್!' ಭರಮಪ್ಪ ಹಗ್ಗದ ಗಂಟು ಬಿಚ್ಚಿದ. ಮಾಲಕ ಈರಪ್ಪ ಅವನ ಮುಂಗೈ ಹಿಡಿದ.

"ಪರದೆ ಬಿಟ್ಟರ ಕುರ್ಚಿ ಮುರೀತಾರಲೇ! ಹಾಡಲಿ, ಏನ್ ಸಾಯೂದಿಲ್ಲ."

ಭರಮಪ್ಪ ಗಂಟು ಮತ್ತೆ ಬಿಗಿದ.

ಚಂಪಾಬಾಯಿ ಎದ್ದಳು. ಜನರನ್ನು ನೋಡಲಿಲ್ಲ, ಮೇಲೆ ಸುತ್ತಿಕೊಂಡಿದ್ದ ನನ್ನನ್ನು ನೋಡಿದಳು. ದನಿ ಒಡೆದಿತ್ತು, ಜನರಿಗೆ ಅದೇ ಹೆಚ್ಚು ಹಿಡಿಸಿತು.

"ಬಾಯಾರ, ಇನ್ನೊಮ್ಮೆ ಸಾಯ್ರೀ!" ಎಂದು ಮುಂದಿನ ಸಾಲಿನವನೊಬ್ಬ ಕೂಗಿದ. ಎಲ್ಲರೂ ನಕ್ಕರು.

ಮೂರನೆಯ ಸಲ ಹಾಡು ಅರ್ಧಕ್ಕೇ ನಿಂತಿತು. ಅವಳು ಬಿದ್ದಳು.

"ಏನ್ ಸತ್ತಳಪಾ, ಖರೇನ ಸತ್ತಂಗ!"

ಚಪ್ಪಾಳೆ ನಿಲ್ಲಲೇ ಇಲ್ಲ. ಆಗ ಭರಮಪ್ಪ ಹಗ್ಗ ಬಿಟ್ಟ. ನನ್ನ ತಳದ ಮರದ ದಿಂಡು ಅವಳ ಪಾದಕ್ಕೆ ಗೇಣು ದೂರದಲ್ಲಿ ದಢಾರನೆ ಬಡಿಯಿತು. ಅವಳು ಕಾಲು ಎಳೆದುಕೊಳ್ಳಲಿಲ್ಲ.

ಮುಂದಿನ ಭಾನುವಾರ ಅದೇ ಹಾಡಿಗೆ ಬೇರೊಬ್ಬ ಹುಡುಗಿ ಸತ್ತಳು, ಎದ್ದಳು. ಹಗ್ಗ ಹಿಡಿಯಲು ಭರಮಪ್ಪ ಬರಲಿಲ್ಲ.

ಥೇಟರು ಸಿನಿಮಾ ಟಾಕೀಸಾಯಿತು, ಆಮೇಲೆ ಹತ್ತಿಯ ಗೋದಾಮಾಯಿತು, ಕೊನೆಗೆ ನೆಲಸಮವಾಯಿತು. ನಾನು ಗುಜರಿಯಿಂದ ಉಳ್ಳಾಗಡ್ಡಿ ಮಾರ್ಕೆಟ್ಟಿಗೆ ಬಂದೆ. ಈಗ ಈರುಳ್ಳಿ ರಾಶಿಗೆ ಹೊದಿಕೆ. ಅರಮನೆ ಉದುರಿಹೋಗಿದೆ, ಅರ್ಧ ಕಿಟಕಿ ಉಳಿದಿದೆ, ಕಲೆ ಉಳಿದಿದೆ. ನನಗೆ ಗೊತ್ತಿದ್ದ ಕೆಲಸ ಬೀಳುವುದೊಂದೇ. ಅದೂ ನನ್ನ ಕೈಯಲ್ಲಿರಲಿಲ್ಲ.

ಇಲ್ಲಿ ಒಬ್ಬ ಮುದುಕ ಹಮಾಲನಿದ್ದಾನೆ. ಮೊದಲ ದಿನ ನನ್ನನ್ನು ಬಿಡಿಸಿದವನೇ ಆ ಕಿಟಕಿಯ ಮೇಲೆ ಬೆರಳಿಟ್ಟ. ಕೈ ನೋಡಿ ಗುರುತು ಹಿಡಿದೆ: ಭರಮಪ್ಪ. ದಿನವೂ ಸಂಜೆ ನನ್ನನ್ನು ಎರಡು ಕೈಯಿಂದ ಎತ್ತುತ್ತಾನೆ. ಯಾರೂ ಹೇಳುವ ಮೊದಲೇ ಕೈಬಿಡುತ್ತಾನೆ.

"ಬಿಟ್ಟೆ ತಂಗಿ," ಎನ್ನುತ್ತಾನೆ.

ಉಳ್ಳಾಗಡ್ಡಿಯ ಘಾಟಿಗೆ ಮುದುಕನ ಕಣ್ಣಲ್ಲಿ ನೀರು ಬಂತೆಂದು ಉಳಿದ ಹಮಾಲರು ನಗುತ್ತಾರೆ.